ಈ ಫೋಟೋ ಯಾರದ್ದು?

ನವೆಂಬರ್ ಹತ್ತಿರವಾದಂತೆ ಜರ್ಮನಿಯ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ ಸಿದ್ಧವಾಗತೊಡಗುತ್ತದೆ. ಹಂಪಿಯ ಕಲ್ಲಿನ ರಥ, ಮಳೆಗಾಲದ ಜೋಗ, ಯಕ್ಷಗಾನದ ಒಂದು ಬಣ್ಣದ ವೇಷ, ಜಾಗ ಉಳಿದರೆ ಕಬಿನಿಯ ಹುಲಿ, ಇಷ್ಟನ್ನು ಗೂಗಲ್‌ನಲ್ಲಿ ಹುಡುಕಿ ಒಂದು ಹಾಳೆಯಲ್ಲಿ ಜೋಡಿಸುವುದು ಊರಿನಲ್ಲಾದರೆ ಅರ್ಧ ಗಂಟೆಯ ಕೆಲಸ. ಇಲ್ಲಿ ಮಾತ್ರ ಅದು ಕೂಟದ ಜಾಲತಾಣಕ್ಕೆ ಏರುವ ಮುನ್ನ ಹಳಬರೊಬ್ಬರು "ಈ ಫೋಟೋ ಯಾರದ್ದು?" ಎಂದು ಕೇಳಿಯೇ ಕೇಳುತ್ತಾರೆ. ಹೊಸದಾಗಿ ಬಂದವರಿಗೆ ಈ ಪ್ರಶ್ನೆ ಅತಿಯಾಯಿತೆಂದು ತೋರುತ್ತದೆ. ಪ್ರಶ್ನೆ ಸರಿಯಾಗಿಯೇ ಇದೆ, ಆದರೆ ಅದನ್ನು ಕೇಳಿಸುವ ಕಾರಣ ಅಷ್ಟೇನೂ ದೊಡ್ಡತನದ್ದಲ್ಲ ಎಂಬುದು ನನ್ನ ಅನಿಸಿಕೆ.

ಆ ಕಾರಣದ ಹೆಸರು ಅಬ್‌ಮಾನುಂಗ್. ಅನುಮತಿಯಿಲ್ಲದೆ ತನ್ನ ಚಿತ್ರ ಬಳಕೆಯಾದದ್ದನ್ನು ಕಂಡ ಛಾಯಾಗ್ರಾಹಕ ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲು ವಕೀಲರ ಮೂಲಕ ಕಳುಹಿಸುವ ಎಚ್ಚರಿಕೆಯ ಪತ್ರ ಅದು. ಚಿತ್ರವನ್ನು ತೆಗೆದುಹಾಕಿ, ಮುಂದೆ ಹೀಗೆ ಮಾಡುವುದಿಲ್ಲವೆಂದು ಬರೆದುಕೊಡಿ, ಪರವಾನಗಿ ಶುಲ್ಕದ ಲೆಕ್ಕದಲ್ಲಿ ನಷ್ಟ ತುಂಬಿಕೊಡಿ ಎಂಬ ಬೇಡಿಕೆಗಳ ಕೊನೆಯಲ್ಲಿ, ಆ ಪತ್ರ ಬರೆದದ್ದಕ್ಕೆ ವಕೀಲರಿಗೆ ಸಲ್ಲಬೇಕಾದ ಶುಲ್ಕವನ್ನೂ ಪತ್ರ ಪಡೆದವರೇ ಕೊಡಬೇಕೆಂದಿರುತ್ತದೆ, ಮತ್ತು ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಮನೆಬಳಕೆಯ ಮಟ್ಟದಲ್ಲಿ ತಪ್ಪಿದ ವ್ಯಕ್ತಿಗೆ 2013ರಿಂದ ಈ ಶುಲ್ಕದ ಲೆಕ್ಕದಲ್ಲಿ ಒಂದು ಮಿತಿ ಇದೆ. ನೋಂದಾಯಿತ ಸಂಘಕ್ಕೆ ಆ ರಿಯಾಯಿತಿ ಇಲ್ಲ. ಇದರ ಜೊತೆಗೆ, ತೀರಾ ಖಾಸಗಿಯಲ್ಲದ ಪ್ರತಿ ಜಾಲತಾಣವೂ ಇಂಪ್ರೆಸ್ಸುಮ್ ಎಂಬ ಪುಟದಲ್ಲಿ ಹೊಣೆಗಾರರ ಹೆಸರು, ಅಂಚೆ ವಿಳಾಸಗಳನ್ನು ಕೊಡಲೇಬೇಕಾದ್ದರಿಂದ ವಕೀಲರು ವಿಳಾಸಕ್ಕಾಗಿ ಅಲೆಯಬೇಕಾಗಿಲ್ಲ. ಪತ್ರ ನೇರವಾಗಿ ಕಾರ್ಯದರ್ಶಿಯ ಮನೆಯ ಅಂಚೆಪೆಟ್ಟಿಗೆಗೆ ಬಂದು ಬೀಳುತ್ತದೆ.

ಮೂಲವನ್ನು ನಮೂದಿಸಿದರೆ ಸಾಕಲ್ಲವೇ ಎಂದು ನಮ್ಮವರು ವಾದಿಸುವುದುಂಟು. ಇದಕ್ಕೆ ಯುರೋಪಿನ ನ್ಯಾಯಾಲಯ 2018ರ ಆಗಸ್ಟ್ 7ರಂದು ಉತ್ತರ ಕೊಟ್ಟಿದೆ. ಜರ್ಮನಿಯ ನಾರ್ತ್‌ರೈನ್-ವೆಸ್ಟ್‌ಫಾಲಿಯಾ ರಾಜ್ಯದ ಶಾಲೆಯೊಂದರ ವಿದ್ಯಾರ್ಥಿನಿ ತನ್ನ ಪಾಠದ ಬರಹಕ್ಕಾಗಿ ಸ್ಪೇನಿನ ಕಾರ್ಡೋಬಾ ನಗರದ ಚಿತ್ರವೊಂದನ್ನು ಪ್ರವಾಸಿ ತಾಣವೊಂದರಿಂದ ತೆಗೆದುಕೊಂಡು, ಅದರ ಕೆಳಗೆ ಆ ತಾಣದ ಹೆಸರನ್ನೂ ಬರೆದಿದ್ದಳು. ಶಾಲೆ ಆ ಬರಹವನ್ನು ತನ್ನ ಜಾಲತಾಣದಲ್ಲಿ ಹಾಕಿತು. ಎಲ್ಲರೂ ಉಚಿತವಾಗಿ ನೋಡಬಹುದಾದ, ಯಾವ ಬೀಗವೂ ಇಲ್ಲದ ಚಿತ್ರವೇ ಆಗಿದ್ದರೂ ಅದನ್ನು ಇನ್ನೊಂದು ತಾಣದಲ್ಲಿ ಹೊಸದಾಗಿ ಏರಿಸಲು ಛಾಯಾಗ್ರಾಹಕನ ಅನುಮತಿ ಬೇಕು ಎಂದು ನ್ಯಾಯಾಲಯ ಹೇಳಿತು. ಒಂದು ಶಾಲೆಯ ಮಗುವಿನ ಬರಹಕ್ಕಾಗಿ ಪ್ರಕರಣ ಲಕ್ಸೆಂಬರ್ಗಿನಲ್ಲಿರುವ ಆ ನ್ಯಾಯಾಲಯದವರೆಗೆ ಹೋಯಿತಲ್ಲ ಎಂದು ನನಗೂ ಅನಿಸಿದ್ದುಂಟು. ಆದರೂ ತೀರ್ಪಿನ ತರ್ಕ ಗಟ್ಟಿಯಾಗಿದೆ: ಛಾಯಾಗ್ರಾಹಕ ತಾನು ಒಂದು ಕಡೆ ಕೊಟ್ಟ ಚಿತ್ರವನ್ನು ನಾಳೆ ಹಿಂತೆಗೆದುಕೊಳ್ಳಬೇಕೆಂದರೆ, ಅದು ಆಗಲೇ ನೂರು ಕಡೆ ಪ್ರತಿಯಾಗಿದ್ದರೆ ಅವನ ಹಕ್ಕಿಗೆ ಅರ್ಥವೇ ಉಳಿಯುವುದಿಲ್ಲ.

ಹಾಗೆಂದು ಜರ್ಮನಿಯವರು ನಮಗಿಂತ ಸಂಭಾವಿತರೆಂದು ನಾನು ಹೇಳಲಾರೆ. ಅಬ್‌ಮಾನುಂಗನ್ನೇ ದಂಧೆ ಮಾಡಿಕೊಂಡವರು ಇಲ್ಲಿದ್ದಾರೆ. ಕೆಲವು ಷರತ್ತುಗಳೊಡನೆ ಯಾರು ಬೇಕಾದರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತವಾಗಿ ಬಿಟ್ಟ ಚಿತ್ರದಲ್ಲಿಯೂ, ಬಳಸಿದವರು ಹೆಸರನ್ನೋ ಪರವಾನಗಿಯ ಕೊಂಡಿಯನ್ನೋ ಮರೆತದ್ದೇ ಸಾಕೆಂದು ಬಿಲ್ಲು ಕಳುಹಿಸುವವರಿದ್ದಾರೆ. ತಪ್ಪು ತಿಳಿದ 30 ದಿನಗಳೊಳಗೆ ತಿದ್ದಿಕೊಂಡರೆ ಪರವಾನಗಿ ತಾನಾಗಿಯೇ ಮರಳುವ ವ್ಯವಸ್ಥೆಯನ್ನು ಆ ಪರವಾನಗಿಯ ನಾಲ್ಕನೆಯ ಆವೃತ್ತಿಯಲ್ಲಿ ಸೇರಿಸಿದ್ದು ಒಳ್ಳೆಯದೇ ಆಯಿತು. ಇನ್ನು ಭಯದಿಂದ ಬಂದ ಶಿಸ್ತು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ನೋಡಬೇಕಾದರೆ ನಮ್ಮದೇ ಕೂಟಗಳ ವಾಟ್ಸಾಪ್ ಗುಂಪು ಸಾಕು. ಜಾಲತಾಣದಲ್ಲಿ ಒಂದೊಂದು ಚಿತ್ರಕ್ಕೂ ಅಳೆದು ಸುರಿದು ಅನುಮತಿ ನೋಡುವವರೇ, ವಕೀಲರು ಇಣುಕದ ಆ ಗುಂಪಿನಲ್ಲಿ ಯಾರ್‍ಯಾರದ್ದೋ ಚಿತ್ರಗಳಿಗೆ ಶುಭೋದಯ ಬರೆದು ದಿನವೂ ಹಂಚುತ್ತಾರೆ.

ಊರಿನಲ್ಲಿ ಕಾನೂನಿಗೆ ಕೊರತೆಯಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಉಲ್ಲಂಘನೆಗೆ ಜೈಲುಶಿಕ್ಷೆಯನ್ನೂ ಇಟ್ಟಿದೆ. 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಹಕ್ಕು ತೆಗೆದವರ ಜೀವಿತಾವಧಿಯ ಮೇಲೆ ಇನ್ನೂ 60 ವರ್ಷ ಇರುತ್ತದೆ. ಅದೇ ತಿದ್ದುಪಡಿ, ಕೃತಿಯ ಮೇಲಿರುವ ಕರ್ತೃವಿನ ಹೆಸರು ಮೊದಲಾದ ಹಕ್ಕಿನ ವಿವರಗಳನ್ನು ಗೊತ್ತಿದ್ದೂ ಅಳಿಸುವುದನ್ನು ಎರಡು ವರ್ಷಗಳವರೆಗಿನ ಸಜೆಗೆ ಗುರಿಯಾಗುವ ಅಪರಾಧವೆಂದಿದೆ. ಆದರೆ ಬಳಕೆಯಲ್ಲಿ ನಡೆಯುವುದೇ ಬೇರೆ. ಕಾಡಿನಲ್ಲಿ ದಿನಗಟ್ಟಲೆ ಕಾದು ಹುಲಿಯ ಚಿತ್ರ ತೆಗೆದವನು ಬಲಗಡೆಯ ಕೆಳಮೂಲೆಯಲ್ಲಿ ಸಣ್ಣದಾಗಿ ತನ್ನ ಹೆಸರು ಹಾಕಿದರೆ, ಹಂಚುವವನು ಆ ಕೆಳಗಿನ ಪಟ್ಟಿಯನ್ನೇ ಕತ್ತರಿಸುತ್ತಾನೆ. ಮುಂದಿನ ಸಲ ಆತ ಹೆಸರನ್ನು ಹುಲಿಯ ಹೊಟ್ಟೆಯ ಮೇಲೆ ಅಡ್ಡಲಾಗಿ ಬರೆಯುತ್ತಾನೆ. ಆಗ ಚಿತ್ರ ಕೆಡಿಸಿದ, ಎಂಥ ಪ್ರಚಾರದ ಹುಚ್ಚು ಎಂದು ಬೈಗುಳ ತಿನ್ನುವವನೂ ಅವನೇ. ಮುದ್ರಿತ ಪತ್ರಿಕೆಗಳಲ್ಲಿಯೂ ಚಿತ್ರದ ಕೆಳಗೆ "ಚಿತ್ರಕೃಪೆ: ಅಂತರಜಾಲ" ಎಂಬ ಸಾಲನ್ನು ನೋಡುತ್ತೇವೆ. ಯಾರಿಗೂ ಸಲ್ಲದ ಆ ಕೃತಜ್ಞತೆಗಿಂತ ಏನೂ ಬರೆಯದೆ ಬಿಡುವುದೇ ಪ್ರಾಮಾಣಿಕ ಎಂದು ನನಗನಿಸುತ್ತದೆ.

ಇದು ನನ್ನನ್ನು ಕಾಡುವುದು ನಾವು ಕೃತಘ್ನರಲ್ಲವೆಂಬ ಕಾರಣಕ್ಕೆ. ಕನ್ನಡದ ಯಾವ ಸಭೆಯೂ ವಂದನಾರ್ಪಣೆಯಿಲ್ಲದೆ ಮುಗಿಯುವುದಿಲ್ಲ. ಸಭಾಭವನ ಕೊಟ್ಟವರು, ಶಾಮಿಯಾನ ಹಾಕಿದವರು, ಧ್ವನಿವರ್ಧಕದವರು, ಅಡುಗೆಯವರು, ಪ್ರಾರ್ಥನೆ ಹಾಡಿದ ಪುಟ್ಟ ಹುಡುಗಿ, ಎಲ್ಲರನ್ನೂ ಹೆಸರು ಹಿಡಿದು ನೆನೆಯುತ್ತೇವೆ. ಒಬ್ಬರ ಹೆಸರು ಬಿಟ್ಟುಹೋದರೆ ಯಾರೋ ವೇದಿಕೆಗೆ ಚೀಟಿ ಕಳುಹಿಸುತ್ತಾರೆ. ಅದೇ ವೇದಿಕೆಯ ಹಿಂದೆ ಇಪ್ಪತ್ತು ಅಡಿ ಅಗಲದ ಫ್ಲೆಕ್ಸಿನಲ್ಲಿರುವ ಹಂಪಿಯ ಚಿತ್ರವನ್ನು ತೆಗೆದವರು ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ಕಣ್ಣೆದುರು ನಿಂತು ದುಡಿದವರಿಗೆ ಸಲ್ಲುವ ಮರ್ಯಾದೆ ಪರದೆಯಾಚೆ ಇರುವವರಿಗೆ ಇನ್ನೂ ತಲುಪಿಲ್ಲ, ಅಷ್ಟೇ.

ಹಕ್ಕಿನ ಅವಧಿ ಮುಗಿದ ಚಿತ್ರಗಳಿಗೂ ಹೆಸರು ಬೇಕು ಎಂಬುದಕ್ಕೆ ಹಂಪಿಯದ್ದೇ ಉದಾಹರಣೆಯಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಕಾಣುತ್ತದೆ. ಇಂದು ಆ ಶಿಖರವಿಲ್ಲ. ಹೆಸರು, ಇಸವಿ ಇದ್ದರೆ ಆ ಚಿತ್ರ ಒಂದು ದಾಖಲೆ. ಅವೆರಡೂ ಉದುರಿಹೋದ ಪ್ರತಿಯನ್ನು ನೋಡಿದವರು ಯಾರೋ ಕಂಪ್ಯೂಟರಿನಲ್ಲಿ ಮಾಡಿದ್ದೆಂದು ತಳ್ಳಿಹಾಕಿದರೆ ಅವರ ತಪ್ಪೇನಿದೆ?

ಚಿತ್ರದೊಳಗಿರುವವರ ವಿಷಯದಲ್ಲಿ ಮಾತ್ರ ಇಲ್ಲಿಯ ರೀತಿ ನಿಸ್ಸಂಶಯವಾಗಿ ಮೇಲು. 1898ರಲ್ಲಿ ಜರ್ಮನಿಯ ಮೊದಲ ಚಾನ್ಸಲರ್ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಛಾಯಾಗ್ರಾಹಕರು ಕೋಣೆಯೊಳಗೆ ನುಸುಳಿ ಶವದ ಚಿತ್ರ ತೆಗೆದ ಪ್ರಕರಣದ ನೆನಪಿನಲ್ಲಿಯೇ, ಚಿತ್ರದಲ್ಲಿರುವ ವ್ಯಕ್ತಿಗೆ ಆ ಚಿತ್ರದ ಮೇಲಿರುವ ಹಕ್ಕನ್ನು 1907ರ ಕಾನೂನು ಗುರುತಿಸಿತು. ಯುಗಾದಿಯಂದು ನೃತ್ಯ ಮಾಡಿದ ಮಕ್ಕಳ ಚಿತ್ರವನ್ನು ಮುಂದಿನ ವರ್ಷದ ಪೋಸ್ಟರಿಗೆ ಬಳಸಬೇಕಾದರೆ ನಾವು ತಂದೆತಾಯಿಯರ ಸಹಿ ಪಡೆಯುತ್ತೇವೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆದರೂ ಊರಿನ ಶಾಲಾ ವಾರ್ಷಿಕೋತ್ಸವದ ಚಿತ್ರಗಳು ಊಟದ ಪಂಕ್ತಿ ಏಳುವ ಮೊದಲೇ ಊರೆಲ್ಲ ಹರಡಿರುತ್ತವೆ.

ನಮ್ಮ ಕೂಟದಲ್ಲಿ ಈಗ ಛಾಯಾಗ್ರಾಹಕರನ್ನೇ ಹುಡುಕಿ ಕನ್ನಡದಲ್ಲಿ ಎರಡು ಸಾಲು ಬರೆದು ಕೇಳುತ್ತೇವೆ: ಯಾವ ಚಿತ್ರ, ಎಲ್ಲಿ ಬಳಸುತ್ತೇವೆ, ಎಷ್ಟು ದಿನ. ಕರಾವಳಿಯ ಯಕ್ಷಗಾನದ ಛಾಯಾಗ್ರಾಹಕರೊಬ್ಬರು "ಧಾರಾಳ ಬಳಸಿ ಮಾರಾಯ್ರೇ, ವೇಷಧಾರಿಯ ಹೆಸರೂ ಹಾಕಿ" ಎಂದು ಅಂದೇ ಉತ್ತರಿಸಿದರು. ವೇಷಧಾರಿಯ ಹೆಸರು ನಮಗಾರಿಗೂ ಹೊಳೆದಿರಲಿಲ್ಲ. ಮೈಸೂರು ಕಡೆಯ ವನ್ಯಜೀವಿ ಛಾಯಾಗ್ರಾಹಕರು ಶುಲ್ಕ ಕೇಳಿದರು. ಸಮಿತಿಯಲ್ಲಿ ಗೊಣಗಾಟ ಎದ್ದಿತು, "ಒಂದು ಫೋಟೋಗೆ ಇಷ್ಟಾ?" ಎಂದರು. ಖಜಾಂಚಿ ಏನೂ ಮಾತಾಡದೆ ಸಭಾಭವನದ ಬಾಡಿಗೆಯ ರಸೀತಿಯನ್ನು ಮೇಜಿನ ಮೇಲಿಟ್ಟರು, ಹುಲಿಯ ಹಣ ಮಂಜೂರಾಯಿತು.