ಹಾಲು ಹಳೇದು, ಹಾಲು ಹೊಸದು

ಯುಪಿಐ ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ವಿದ್ಯೆ ಪೂರ್ತಿ ಮುಳುಗಿಹೋಯಿತು. ಅದು ಚೌಕಾಸಿ ವಿದ್ಯೆ. ನಮ್ಮತ್ತೆ ಅದರಲ್ಲಿ ಪಂಡಿತರು. ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೊರಟರೆ ದುಡ್ಡನ್ನು ಮೂರು ಕಡೆ ಇಟ್ಟುಕೊಳ್ಳುತ್ತಿದ್ದರು. ದೊಡ್ಡ ನೋಟು ಸೆರಗಿನ ಗಂಟಿನಲ್ಲಿ. ನೂರರ ನೋಟು ಚೀಲದ ತಳದಲ್ಲಿ ಹಾಸಿದ ಹಳೇ ಪೇಪರಿನ ಕೆಳಗೆ. ಪರ್ಸಿನಲ್ಲಿ ಬರೀ ಚಿಲ್ಲರೆ. ಈರನಗೆರೆ ಬದನೆಕಾಯಿಗೆ ಅಂಗಡಿಯವನು ಎಂಬತ್ತು ಅಂದನೋ, ಪರ್ಸಿನ ಬಾಯಿ ಅಗಲಿಸಿ ಅವನ ಮೂಗಿನ ಹತ್ತಿರ ಹಿಡಿಯುತ್ತಿದ್ದರು. "ನೋಡಪ್ಪಾ, ಇರೋದೇ ಅರವತ್ತು. ಬಸ್ಸಿಗೆ ಬೇರೆ ಬೇಕು." ಅವನು ಇಣುಕಿ ನೋಡುತ್ತಿದ್ದ. ನಿಜವಾಗಿಯೂ ಅರವತ್ತೇ ಇರುತ್ತಿತ್ತು. ಪಾಪ, ಅವನಾದರೂ ಏನು ಮಾಡ್ತಾನೆ? ಐವತ್ತಕ್ಕೆ ಕೊಟ್ಟು, ಮೇಲೊಂದು ಹಿಡಿ ಕರಿಬೇವು ಹಾಕುತ್ತಿದ್ದ.

ಈಗ ಅತ್ತೆ ಪರ್ಸಿಗೆ ಕೈ ಹಾಕುವ ಮೊದಲೇ ಅವನು, "ಸ್ಕ್ಯಾನ್ ಮಾಡಿ ಅಮ್ಮ, ದುಡ್ಡಿಲ್ಲಾಂದ್ರೂ ಪರ್ವಾಗಿಲ್ಲ" ಅಂತಾನೆ. ಪರ್ಸಿಗಾದರೆ ತಳ ಇತ್ತು. ಫೋನಿಗೆ ತಳ ಎಲ್ಲಿದೆ? "ಇರೋದೇ ಅರವತ್ತು" ಅಂತ ಫೋನಿನ ಬಾಯಿ ಅಗಲಿಸಿ ತೋರಿಸೋಕಾಗುತ್ತಾ? ಅತ್ತೆ ತೆಪ್ಪಗೆ ಎಂಬತ್ತು ಕೊಟ್ಟು ಬರುತ್ತಾರೆ. ಕರಿಬೇವಿಗೆ ಬೇರೆ ಹತ್ತು.

ಹಾಗಂತ ಯುಪಿಐಯನ್ನು ಬೈಯೋಕೆ ನಾನು ಕೂತಿಲ್ಲ. ಚಿಲ್ಲರೆಯ ಕಾಟ ಕಂಡವರು ಯಾರೂ ಅದನ್ನು ಬೈಯುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟರೆ, ಅದನ್ನು ಮುಷ್ಟಿಯಲ್ಲಿ ಹಿಡಿದು ಊರು ಬರುವವರೆಗೂ ನಿದ್ದೆ ಬಿಟ್ಟು ಕೂರಬೇಕಿತ್ತು. ಎಷ್ಟು ಜನ ಟಿಕೆಟ್ ಸಮೇತ ಇಳಿದು, ಬಸ್ಸು ಹೊರಟ ಮೇಲೆ ಹಣೆ ಚಚ್ಚಿಕೊಂಡಿಲ್ಲ! ಇನ್ನು ಕೆಲವು ಕಂಡಕ್ಟರುಗಳು ಇಬ್ಬರು ಪ್ರಯಾಣಿಕರಿಗೆ ಸೇರಿ ಒಂದೇ ನೋಟು ಕೊಟ್ಟು, "ಇಳಿದು ಹಂಚ್ಕೊಳ್ಳಿ" ಅನ್ನುತ್ತಿದ್ದರು. ಮಂಡ್ಯದಲ್ಲಿ ಇಳಿದು, ಇಪ್ಪತ್ತು ರೂಪಾಯಿಗಾಗಿ ಗುರುತು ಪರಿಚಯ ಇಲ್ಲದ ಗಂಡಸಿನ ಹಿಂದೆ ಕಬ್ಬಿನ ಹಾಲಿನ ಅಂಗಡಿವರೆಗೂ ನಡೆದಿದ್ದೇನೆ. ನೋಟು ಮುರಿಸಲು ಅವರು ಒಂದು ಲೋಟ ಕುಡಿದರು. ಸುಮ್ನೆ ನೋಡುತ್ತಾ ನಿಲ್ಲೋಕಾಗದೆ ನಾನೂ ಕುಡಿದೆ. ಲೆಕ್ಕ ಅಲ್ಲಿಗೆ ಚುಕ್ತಾ. ಔಷಧಿ ಅಂಗಡಿಯವರು ಚಿಲ್ಲರೆ ಬದಲು ಚಾಕೊಲೇಟ್ ಕೊಡುತ್ತಿದ್ದರು. ಅದೂ ಸಕ್ಕರೆ ಕಾಯಿಲೆ ಮಾತ್ರೆ ತಗೊಂಡವರಿಗೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ನನಗೆ ಚಿಲ್ಲರೆಯೂ ಬೇಡ, ಯುಪಿಐಯೂ ಬೇಡ. ಆಧಾರ್ ತೋರಿಸಿ, ಸೊನ್ನೆ ರೂಪಾಯಿ ಟಿಕೆಟ್ ತಗೊಂಡು, ಕಿಟಕಿ ಪಕ್ಕ ಕೂರುತ್ತೇನೆ. ನಮ್ಮ ಯಜಮಾನರು ಸಿಗ್ನಲ್ ಸಿಗದೆ ಫೋನನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾ, ಕಂಡಕ್ಟರ್ ಮುಂದೆ "ಸುತ್ತುತ್ತಾ ಇದೆ ಸಾರ್, ಸುತ್ತುತ್ತಾ ಇದೆ" ಅನ್ನುವುದನ್ನು ನೋಡುತ್ತಾ ಹೋದರೆ ದಾರಿ ಸಾಗಿದ್ದೇ ಗೊತ್ತಾಗುವುದಿಲ್ಲ.

ಯುಪಿಐ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ನೋಟು ರದ್ದಾಯಿತು. ಜನ ಬೇರೆ ದಾರಿ ಕಾಣದೆ ಫೋನು ಹಿಡಿದರು. ಆದರೆ ಅಂಗಡಿ ಅಂಗಡಿಯಲ್ಲಿ ನೇತಾಡುವ ಆ ಕಪ್ಪು ಬಿಳುಪು ಚೌಕ ಇದೆಯಲ್ಲ, ಅದರ ವಯಸ್ಸು ಜಾಸ್ತಿ. ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹರಾ ಮತ್ತು ಅವರ ಜೊತೆಯವರು 1994ರಲ್ಲೇ ಅದನ್ನು ಮಾಡಿದ್ದು, ಕಾರಿನ ಬಿಡಿಭಾಗಗಳ ಲೆಕ್ಕ ಇಡೋಕೆ. ಕಾರ್ಖಾನೆ ಅಂದ ಮೇಲೆ ಎಣ್ಣೆ, ಮಸಿ ಮೆತ್ತಿಕೊಳ್ಳುತ್ತೆ ಅಲ್ವಾ? ಅದಕ್ಕೆ ಸ್ವಲ್ಪ ಭಾಗ ಅಳಿಸಿಹೋದರೂ ಓದುವ ಹಾಗೆ ರೂಪಿಸಿದರು. ಗಟ್ಟಿ ಮಾದರಿಯ ಕ್ಯೂಆರ್ ಆದರೆ ಶೇ 30ರಷ್ಟು ಹಾಳಾದರೂ ಕೆಲಸ ಮಾಡುತ್ತೆ. ನಮ್ಮ ಬೀದಿಯ ದಿನಸಿ ಅಂಗಡಿಯವರು ಆಯುಧಪೂಜೆಗೆ ತಕ್ಕಡಿಯ ಜೊತೆ ಕ್ಯೂಆರ್ ಹಲಗೆಗೂ ಮೂರು ಪಟ್ಟೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಮೇಲೆ ಸೇವಂತಿಗೆ ಸಿಕ್ಕಿಸಿದ್ದರು. ಹೂವು ಸರಿಸಿ ಸ್ಕ್ಯಾನ್ ಮಾಡಿದರೆ ಸರಾಗವಾಗಿ ದುಡ್ಡು ಹೋಯಿತು. ಹರಾ ಅವರು ಮೈಸೂರಿನ ಆಯುಧಪೂಜೆಗೂ ಅನುಕೂಲ ಮಾಡಿಟ್ಟಿದ್ದಾರೆ.

ಅತ್ತೆಗೆ ಕ್ಯೂಆರ್ ಮೇಲೆ ಸಿಟ್ಟಿಲ್ಲ. ಅವರ ಸಿಟ್ಟೆಲ್ಲ ಪಕ್ಕದಲ್ಲಿ ಕೂತ ಆ ಮಾತಾಡುವ ಡಬ್ಬಿಯ ಮೇಲೆ. ಮಾರ್ಕೆಟ್ಟಿನಿಂದ ಬಂದ ಹೆಂಗಸರು ಕೊಂಡ ಬೆಲೆಗಿಂತ ಹತ್ತಿಪ್ಪತ್ತು ಕಡಿಮೆ ಹೇಳುವುದು ಲೋಕರೂಢಿ. ಅದು ಸುಳ್ಳಲ್ಲ, ಮರ್ಯಾದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಅತ್ತೆ ಹೂವಿನ ಗಾಡಿ ಮುಂದೆ ನಿಂತು, ಪಕ್ಕದ ಮನೆಯವರಿಗೆ "ನಂಗೆ ಮೊಳ ಎಂಬತ್ತಕ್ಕೇ ಕೊಟ್ಟ, ಗುರುತಿನವನು" ಅನ್ನುತ್ತಿದ್ದರು. ಅಷ್ಟರಲ್ಲಿ ಡಬ್ಬಿ ಗಂಟಲು ಹರಿಯುವ ಹಾಗೆ "ನೂರ ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಬೀದಿಗೆಲ್ಲ ಸಾರಿತು. ಪಕ್ಕದ ಮನೆಯವರು ಒಳ್ಳೆಯವರು. ಕೇಳಿಸದ ಹಾಗೆ ಕನಕಾಂಬರ ಮುಟ್ಟಿ ನೋಡುತ್ತಾ ನಿಂತರು.

ಇನ್ನು ಮಾವನವರ ವಿಷಯ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ಐದು ರೂಪಾಯಿ ಕೊಟ್ಟರೂ ಹಿಂದೆಯೇ ಬ್ಯಾಲೆನ್ಸ್ ತೆಗೆದು ತಾಳೆ ನೋಡಬೇಕು. 2025ರ ಆಗಸ್ಟ್‌ನಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು ಅಂತ ನಿಯಮ ಬಂದಿದೆ. ಮಾವನಂಥವರನ್ನು ಕಂಡೇ ತಂದಿರಬೇಕು. ದುಡ್ಡು ಎಷ್ಟು ಹೋಯಿತು ಅನ್ನುವುದರಲ್ಲಿ ಅವರು ಎಂದೂ ತಪ್ಪಿದವರಲ್ಲ. ಯಾರಿಗೆ ಹೋಯಿತು ಅನ್ನುವುದು ಗಣಿತಕ್ಕೆ ಸೇರಿದ್ದಲ್ಲ ನೋಡಿ.

ಅವರ ಫೋನಿನಲ್ಲಿ ಮನುಷ್ಯರ ಹೆಸರು ಕಮ್ಮಿ. ಗ್ಯಾಸ್, ಪೇಪರ್, ನಲ್ಲಿ ರಿಪೇರಿ, ಹಲ್ಲು, ಕಣ್ಣು ಅಂತ ಇರುತ್ತೆ. ಹಾಗೆಯೇ "ಹಾಲು ಹಳೇದು", "ಹಾಲು ಹೊಸದು" ಅಂತ ಎರಡು. ಹಳೇ ಹಾಲಿನವನನ್ನು ಅತ್ತೆ ನೀರಿನ ವಿಷಯಕ್ಕೆ ಮಾತಾಗಿ ಬಿಡಿಸಿದ್ದರು. ತಿಂಗಳ ಮೊದಲ ದಿನ ಮಾವ ಕನ್ನಡಕ ಹಾಕದೆ ಹಾಲಿನ ದುಡ್ಡು ಕಳಿಸೋಕೆ ಕೂತರು. ಪಿನ್ ಒತ್ತುವ ಮೊದಲು ಫೋನು ಬ್ಯಾಂಕಿನಲ್ಲಿರುವ ಹೆಸರನ್ನು ತೋರಿಸಿತ್ತು. ಯಾವುದೋ ಹೆಂಗಸಿನ ಹೆಸರು. "ಹೆಂಡ್ತಿ ಅಕೌಂಟ್ ಇರಬೇಕು" ಅಂತ ಮಾವ ತಾವೇ ತೀರ್ಮಾನ ಮಾಡಿದರು. ತೀರ್ಮಾನ ಸರಿಯಾಗೇ ಇತ್ತು. ಹೆಂಡತಿಯೇ. ಹಳೇ ಹಾಲಿನವನ ಹೆಂಡತಿ.

ಮಾರನೇ ದಿನ ಬೆಳಿಗ್ಗೆ ಗೇಟಿನಲ್ಲಿ ಹಳೇ ಹಾಲಿನವನು ಕ್ಯಾನ್ ಹಿಡಿದು ನಿಂತಿದ್ದ. ಮುಖ ಅರಳಿತ್ತು.

"ಅಮ್ಮ, ನೀವು ಬಾಯ್ಬಿಟ್ಟು ಹೇಳದಿದ್ರೂ ನಂಗೆ ಅರ್ಥ ಆಯ್ತು" ಅಂದ.

ಅತ್ತೆಗೆ ಏನೂ ಅರ್ಥವಾಗಲಿಲ್ಲ. "ಏನಪ್ಪಾ ಅರ್ಥ ಆಗಿದ್ದು?"

"ತಿಂಗಳ ದುಡ್ಡು ಮುಂಚೇನೇ ಹಾಕಿದ್ದೀರಲ್ಲ. ಕೋಪ ಎಲ್ಲಾ ಹೋಯ್ತು ಅಂತ ಮನೇಲೂ ಹೇಳ್ದೆ. ಇವತ್ತಿಂದ ಗಟ್ಟಿ ಹಾಲು ಅಮ್ಮ, ತೊಟ್ಟು ನೀರಿದ್ರೆ ಕೇಳಿ."

ಅವನು ಅಳೆದು ಹಾಕುತ್ತಿರುವಾಗಲೇ ಹೊಸ ಹಾಲಿನವನು ಮೊಪೆಡ್ಡಿನಲ್ಲಿ ಬಂದಿಳಿದ. ಇಬ್ಬರೂ ಒಬ್ಬರ ಕ್ಯಾನನ್ನು ಒಬ್ಬರು ನೋಡಿದರು. ಮಾವ ಪೇಪರ್ ಅಗಲವಾಗಿ ಬಿಡಿಸಿ ಅದರ ಹಿಂದೆ ಸೇರಿಕೊಂಡರು. ಹೊಸಬ, "ನಮ್ ದುಡ್ಡು ಯಾವಾಗ ಅಮ್ಮ?" ಅಂದ. ಪೇಪರಿನ ಹಿಂದಿನಿಂದ ಕೆಮ್ಮು ಬಂತು.

ನಮ್ಮ ಯಜಮಾನರು ಬ್ಯಾಂಕಿಗೆ ಹೋಗಿ ವಿಚಾರಿಸಿದರು. ಯುಪಿಐಯಲ್ಲಿ ದುಡ್ಡು ನಡುವೆ ಸಿಕ್ಕಿಕೊಂಡರೆ ಅದಕ್ಕೆ ಕ್ರಮ ಇದೆ. ನಮ್ಮ ಖಾತೆಯಿಂದ ಕಳೆದು ಆಚೆಯವರಿಗೆ ಸೇರದಿದ್ದರೆ ಮಾರನೇ ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಆದರೆ ನಾವೇ ಪಿನ್ ಒತ್ತಿ, ಅದು ಸುಖವಾಗಿ ಇನ್ನೊಬ್ಬರ ಖಾತೆಗೆ ಸೇರಿದ್ದರೆ, ಅವರು ಒಪ್ಪಿದರೆ ಮಾತ್ರ ವಾಪಸ್. ಅಷ್ಟು ಗಟ್ಟಿ ಹಾಲು ಹಾಕುವವನ ಹತ್ತಿರ ಹೋಗಿ "ಕೋಪ ಹೋಗಿಲ್ಲ ಕಣಪ್ಪ, ದುಡ್ಡು ಕೊಡು" ಅಂತ ಯಾವ ಬಾಯಲ್ಲಿ ಕೇಳುವುದು? ಆ ತಿಂಗಳು ಇಬ್ಬರೂ ಹಾಕಿದರು. ಮನೆ ತುಂಬ ಹಾಲು. ಬೆಳಿಗ್ಗೆ ಪಾಯಸ, ಮಧ್ಯಾಹ್ನ ಮಜ್ಜಿಗೆ ಹುಳಿ, ರಾತ್ರಿ ಮೊಸರನ್ನ, ಭಾನುವಾರ ಪೇಡೆ. ಸ್ಟೀಲ್ ಡಬ್ಬಿ ಹಿಡಿದು ನಾನು ಹೊರಗೆ ಕಾಲಿಟ್ಟರೆ ಸಾಕು, ಅಕ್ಕಪಕ್ಕದ ಮನೆಗಳ ಬಾಗಿಲು ಮುಚ್ಚಿಕೊಳ್ಳುತ್ತಿದ್ದವು.

ಮೊದಲಾಗಿದ್ದರೆ ಹಾಲಿನವನು ಬರಬೇಕು, ಮಾವ ಒಳಗಿಂದ ದುಡ್ಡು ತರಬೇಕು, ಎಣಿಸಬೇಕು, ಅವನು ಮತ್ತೆ ಎಣಿಸಬೇಕು, ನೀರಿನ ಬಗ್ಗೆ ಎರಡು ಮಾತು ಆಗಬೇಕು. ಅಷ್ಟರಲ್ಲಿ ಇವನು ಯಾವ ಹಾಲಿನವನು ಅನ್ನುವುದು ಕನ್ನಡಕ ಇಲ್ಲದೆಯೂ ಗೊತ್ತಾಗುತ್ತಿತ್ತು. ದುಡ್ಡು ಕೊಡುವುದು ಸ್ವಲ್ಪ ಕಷ್ಟವಾಗಿಯೇ ಇರಬೇಕು ಅಂತ ನನ್ನ ವಾದ. ಈ ವಾದವನ್ನು ನಾನು ಸೀರೆ ಅಂಗಡಿಗೆ ಅನ್ವಯಿಸುವುದಿಲ್ಲ, ಅದು ಬೇರೆ ಮಾತು.

ಅತ್ತೆಯ ವಿದ್ಯೆ ಪೂರ್ತಿ ಮುಳುಗಿತು ಅಂದೆನಲ್ಲ, ಅದನ್ನು ಸ್ವಲ್ಪ ತಿದ್ದಬೇಕು. ಹಳೇ ಮಂಚವೊಂದನ್ನು ಮಾರೋಣ ಅಂತ ಫೋಟೊ ತೆಗೆದು ಇಂಟರ್‌ನೆಟ್ಟಿನಲ್ಲಿ ಹಾಕಿದ್ದೆವು. ಹಾಕಿ ಕಾಫಿ ಕುಡಿಯುವಷ್ಟರಲ್ಲಿ ಫೋನ್ ಬಂತು. ತಾನು ಸೈನ್ಯದಲ್ಲಿದ್ದೇನೆ, ಈ ಊರಿಗೆ ವರ್ಗವಾಗಿದೆ, ಮಂಚ ಬೇಕೇ ಬೇಕು, ಕೇಳಿದಷ್ಟು ಕೊಡ್ತೀನಿ ಅಂದ. ಒಂದು ಕ್ಯೂಆರ್ ಕಳಿಸಿ, "ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮಗೆ ಬಂದುಬಿಡುತ್ತೆ" ಅಂತ ಅವಸರ ಮಾಡಿದ. ಮಾವ ಆಗಲೇ ಕನ್ನಡಕ ಹುಡುಕುತ್ತಿದ್ದರು. ಅತ್ತೆ ಫೋನು ಕಿತ್ತುಕೊಂಡು, "ಅಲ್ಲಪ್ಪಾ, ದುಡ್ಡು ಕೊಡೋನು ನೀನು. ಗುಟ್ಟು ಒತ್ತಬೇಕಾದವಳು ನಾನಾ?" ಅಂದರು. ಅವನು ಏನೋ ಗದರಿದ. ಅತ್ತೆ ಕಟ್ ಮಾಡಿದರು.

ದುಡ್ಡು ಬರೋಕೆ ಪಿನ್ ಬೇಡವೇ ಬೇಡ. ಹೋಗೋಕೆ ಮಾತ್ರ ಬೇಕು. ಈ ಸಂಗತಿಯನ್ನು ಬ್ಯಾಂಕಿನವರು ಮೆಸೇಜಿನಲ್ಲಿ ಹೇಳುತ್ತಲೇ ಇರುತ್ತಾರೆ, ನಾವು ಓದದೆ ಅಳಿಸುತ್ತಲೇ ಇರುತ್ತೇವೆ. ಅತ್ತೆ ಮೆಸೇಜ್ ಓದಿದವರಲ್ಲ. ಹೇಗೆ ಗೊತ್ತಾಯ್ತು ಅಂತ ಕೇಳಿದೆ. "ಮಂಚ ನೋಡೋಕೆ ಬರಲ್ಲ ಅಂದ. ಹೋಗ್ಲಿ ಅಂದ್ಕೊಂಡೆ. ಒಂದು ರೂಪಾಯಿ ಚೌಕಾಸಿ ಮಾಡ್ಲಿಲ್ಲ ಕಣಮ್ಮ! ಅಲ್ಲೇ ಗೊತ್ತಾಯ್ತು, ಕಳ್ಳ ಅಂತ." ಮೋಸ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು ಅನ್ನುತ್ತಾರೆ. ಸರಿಯೇ. ಹೋಗದೆ ಇರೋಕೆ ನಮ್ಮ ಮನೆಯಲ್ಲಿ ಅತ್ತೆ ಇದ್ದಾರೆ.

ಅವರಿಗೆ ಇನ್ನೊಂದು ಸಲ ಕಾಲ ಕೂಡಿಬಂದದ್ದು 2025ರ ಜುಲೈನಲ್ಲಿ. ವರ್ಷದ ವಹಿವಾಟು ಜಿಎಸ್‌ಟಿ ಮಿತಿ ದಾಟಿದೆ ಅಂತ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಹೋಗಿತ್ತು. ಸರಕು ಮಾರುವವರಿಗೆ ಆ ಮಿತಿ 40 ಲಕ್ಷ. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಮಾಯವಾಗಿ, "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅನ್ನುವ ಚೀಟಿ ಬಂತು. ನಾವು ಆಗ ನಾದಿನಿಯ ಮನೆಗೆ ಹೋಗಿದ್ದೆವು. ಬೇಕರಿ ಮುಂದೆ ನಿಂತು ಎಲ್ಲರೂ ಖಾರ ಬನ್ ತಿಂದು, ಟೀ ಕುಡಿದು ಮುಗಿಸಿದ ಮೇಲೆ ಯಜಮಾನರ ಕಣ್ಣು ಚೀಟಿ ಮೇಲೆ ಬಿತ್ತು. ಅವರ ಜೇಬಿನಲ್ಲಿ ಫೋನು, ಪವರ್ ಬ್ಯಾಂಕು, ಕಾರಿನ ಕೀ. ನೋಟು ಮಾತ್ರ ಇಲ್ಲ. ಸುತ್ತ ನಿಂತಿದ್ದ ಸಾಫ್ಟ್‌ವೇರ್ ಹುಡುಗರದ್ದೂ ಅದೇ ಪಾಡು. ಒಬ್ಬ ಎಟಿಎಂ ಎಲ್ಲಿದೆ ಅಂತ ಫೋನಿನಲ್ಲೇ ಹುಡುಕುತ್ತಿದ್ದ. ಅತ್ತೆ ಎಲ್ಲರನ್ನೂ ಒಮ್ಮೆ ನೋಡಿ, ನಿಧಾನವಾಗಿ ಸೆರಗಿನ ಗಂಟು ಬಿಚ್ಚಿದರು. ಮಡಚಿ ಮಡಚಿ ಸ್ಟಾಂಪಿನಷ್ಟಾಗಿದ್ದ ಐನೂರರ ನೋಟು ಹೊರಗೆ ಬಂತು. ಬೇಕರಿಯವನು ಅವರನ್ನು "ಬನ್ನಿ ತಾಯಿ" ಅಂತ ಕರೆದು ಸ್ಟೂಲು ಹಾಕಿದ.

ಇಷ್ಟೆಲ್ಲ ಆದ ಮೇಲೆ ಮನೆಯ ಹಣಕಾಸು ಅತ್ತೆಯ ಕೈಗೆ ಹೋಗುವುದು ಸಹಜವೇ. ಯುಪಿಐ ಸರ್ಕಲ್ ಅಂತ ಒಂದಿದೆ, 2024ರಲ್ಲಿ ಬಂದದ್ದು. ಒಬ್ಬರ ಖಾತೆಯಿಂದ ಇನ್ನೊಬ್ಬರು ದುಡ್ಡು ಕೊಡಬಹುದು. ಬೇಕಾದರೆ ಪ್ರತಿ ಸಲವೂ ಖಾತೆಯವರು ಒಪ್ಪಿ ಪಿನ್ ಒತ್ತಿದ ಮೇಲೇ ದುಡ್ಡು ಹೋಗುವ ಹಾಗೆ ಇಡಬಹುದು. ಯಜಮಾನರು ಹಾಗೆಯೇ ಇಟ್ಟರು. ಅತ್ತೆ ಒಪ್ಪಿಗೆ ಕೊಡುವವರು, ಮಾವ ಕೇಳುವವರು. ಮದುವೆಯಾದಾಗಿನಿಂದ ಇದ್ದ ಏರ್ಪಾಡೇ, ಈಗ ಫೋನಿಗೆ ಬಂತು ಅಷ್ಟೆ. ಹಾಲಿನ ದುಡ್ಡು ಸರಿಯಾದ ಹಾಲಿನವನಿಗೇ ಹೋಗತೊಡಗಿತು.

ಆದರೆ ದಿನಾ ಸಂಜೆ ಐದೂವರೆಗೆ ಅತ್ತೆಯ ಫೋನಿಗೆ ನಲವತ್ತು ರೂಪಾಯಿಯ ಕೋರಿಕೆಯೊಂದು ಬರುತ್ತಿತ್ತು. ಅಂಗಡಿಯ ಹೆಸರಿರಲಿಲ್ಲ, ಯಾರೋ ಗಂಡಸಿನ ಹೆಸರು. ಕೇಳಿದರೆ ಮಾವ, "ಚಪ್ಪಲಿ ರಿಪೇರಿಯವನು ಕಣೇ, ಹೊಲಿಗೆ ಬಿಟ್ಟಿತ್ತು" ಅಂದರು. ಮಾರನೇ ದಿನ ಇನ್ನೊಂದು ಕಾಲಿನದು ಬಿಟ್ಟಿತ್ತು. ಮೂರನೇ ದಿನ ಅತ್ತೆ ಒಪ್ಪಿಗೆ ಕೊಡದೆ ಫೋನನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತರು. ಸ್ವಲ್ಪ ಹೊತ್ತಿಗೆ ಮಾವನದ್ದೇ ಫೋನ್ ಬಂತು. ಸ್ಪೀಕರ್ ಆನ್ ಆಗಿತ್ತು. ಹಿಂದೆ ಬಾಣಲೆಯ ಚುಂಯ್ ಅನ್ನುವ ಸದ್ದು.

"ಬೇಗ ಒತ್ತೇ, ಆರಿಹೋಗುತ್ತೆ!"

"ಏನ್ರೀ ಆರಿಹೋಗೋದು, ಚಪ್ಪಲಿನಾ?"