ಕ್ಲಬ್ ಸೇರಿದರೆ ಸಾಲ್ಮನ್ ಮೀನು ಹಿಡಿಯಲು ಲೈಸೆನ್ಸ್ ಬೇಡವೇ?

"ಬ್ರಿಟನ್ನಿನಲ್ಲಿ ಸ್ಥಳೀಯ ಫಿಶಿಂಗ್ ಕ್ಲಬ್ ಸೇರಿಬಿಡಿ. ಆಮೇಲೆ ಸಾಲ್ಮನ್‌ಗೆ ಫ್ಲೈ ಫಿಶಿಂಗ್ (ಹುಳದಂತೆ ಕಾಣುವ ಕೃತಕ ಎರೆ ಕಟ್ಟಿ ಗಾಳ ಹಾಕುವುದು) ಮಾಡಲು ಲೈಸೆನ್ಸ್ ಬೇಡ, ಹಿಡಿದದ್ದೆಲ್ಲ ನಿಮ್ಮದೇ" ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು.

ಕ್ಲಬ್ ಕೊಡುವುದು ತನ್ನ ಹಕ್ಕಿರುವ ನೀರಿನಲ್ಲಿ ಗಾಳ ಹಾಕುವ ಅನುಮತಿ ಮಾತ್ರ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 13 ವರ್ಷ ತುಂಬಿದವರಿಗೆಲ್ಲ ಸರ್ಕಾರದ ರಾಡ್ ಲೈಸೆನ್ಸ್, ಅಂದರೆ ಗಾಳದ ಕೋಲಿನಿಂದ ಮೀನು ಹಿಡಿಯುವ ಪರವಾನಗಿ, ಬೇಕೇ ಬೇಕು. ಟ್ರೌಟ್ ಮೀನಿನ ಲೈಸೆನ್ಸ್ ಇದ್ದರೆ ಸಾಲದು, ಸಾಲ್ಮನ್‌ಗೆ ಬೇರೆಯದೇ ಇದೆ. ಅದನ್ನು ಪಡೆದವರು ವರ್ಷಕ್ಕೊಮ್ಮೆ ಎಷ್ಟು ಹಿಡಿದೆವು ಎಂಬ ಲೆಕ್ಕವನ್ನೂ ಕೊಡಬೇಕು, ಒಂದೂ ಸಿಗದಿದ್ದರೂ. ಸಾಲ್ಮನ್ ವಿಷಯದಲ್ಲಿ ಸೊನ್ನೆ ಬರೆಯುವುದು ನಾಚಿಕೆಯ ಸಂಗತಿಯೇನಲ್ಲ ಬಿಡಿ!

ಗೊಂದಲ ಹುಟ್ಟಿದ್ದು ಬಹುಶಃ ಸ್ಕಾಟ್ಲೆಂಡ್‌ನಿಂದ. ಅಲ್ಲಿ ಬಾರ್ಡರ್ ಎಸ್ಕ್ ನದಿ ಬಿಟ್ಟರೆ ರಾಡ್ ಲೈಸೆನ್ಸ್ ಇಲ್ಲ, ನಿಜ. ಆದರೆ ಸಾಲ್ಮನ್ ಹಿಡಿಯುವ ಹಕ್ಕು ಯಾರದ್ದೋ ಅವರ ಲಿಖಿತ ಅನುಮತಿ ಇಲ್ಲದೆ ಗಾಳ ಹಾಕಿದರೆ ಅಪರಾಧ. ಭಾನುವಾರವಂತೂ ಸಾಲ್ಮನ್ ಹಿಡಿಯುವಂತೆಯೇ ಇಲ್ಲ, ಯಾವ ಕ್ಲಬ್ಬಿನವರಾದರೂ ಸರಿ.

"ಹಿಡಿದದ್ದೆಲ್ಲ ನಿಮ್ಮದೇ" ಅನ್ನೋದು ಸುಮ್ನೆ ಮಾತು. ವೇಲ್ಸ್‌ನಲ್ಲಿ 2020ರಿಂದ ಸಿಕ್ಕ ಸಾಲ್ಮನ್‌ಗಳನ್ನೆಲ್ಲ ನೀರಿಗೇ ಬಿಡಬೇಕು. ಇಂಗ್ಲೆಂಡ್‌ನಲ್ಲಿ ಜೂನ್ 16ಕ್ಕೆ ಮೊದಲು ಸಿಕ್ಕಿದ್ದನ್ನು ಬಿಡಬೇಕು, ಕೆಲವು ನದಿಗಳಲ್ಲಿ ಇಡೀ ಸೀಸನ್.