ಮಾವನ ಚದರ ಮೀಟರ್

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಒಂದು ಚೀಲ ರಾಶಿ ಅಡಿಕೆ ತಕ್ಕಡಿಗೇರಿದರೆ ಇನ್ನೂರು ಗ್ರಾಂ ವ್ಯತ್ಯಾಸಕ್ಕೂ ಮೂರು ಜನ ಬಗ್ಗಿ ನೋಡುತ್ತಾರೆ. ಆ ಅಡಿಕೆಯನ್ನು ಬೆಳೆದ, ತೀರ್ಥಹಳ್ಳಿ ಕಡೆಯ ನನ್ನ ಸೋದರಮಾವನನ್ನು ಕಳೆದ ವಾರ ಕೀಮೋಥೆರಪಿಗೆಂದು ಕರೆದೊಯ್ದಾಗ ಆಸ್ಪತ್ರೆಯಲ್ಲಿ ತೂಗುವವರೇ ಇರಲಿಲ್ಲ. 'ತೂಕದ ಯಂತ್ರ ರಿಪೇರಿಗೆ ಹೋಗಿದೆ' ಎಂಬ ಚೀಟಿಯು ಹಳದಿಗಟ್ಟಿದ ಟೇಪಿನಲ್ಲಿ ಗೋಡೆಗಂಟಿ, ಅಲ್ಲಿಯ ಕಾಯಂ ನೌಕರನಂತೆ ಕಾಣುತ್ತಿತ್ತು.

ಹಾಗೆಂದು ಅಲ್ಲಿ ಲೆಕ್ಕವಿಲ್ಲವೆಂದು ಭಾವಿಸಬಾರದು. ಇಂಥ ಔಷಧಗಳಲ್ಲಿ ಹೆಚ್ಚಿನವನ್ನು ದೇಹದ ಮೇಲ್ಮೈ ವಿಸ್ತೀರ್ಣ ನೋಡಿಯೇ ಕೊಡುತ್ತಾರೆ. 1987ರಲ್ಲಿ ಮೋಸ್ಟೆಲ್ಲರ್ ಎಂಬವರು ಕೊಟ್ಟ ಸೂತ್ರದಂತೆ ಸೆಂಟಿಮೀಟರಿನ ಎತ್ತರವನ್ನು ಕಿಲೋ ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಆಯಿತು. ಮಾವನ ಫೈಲಿನಲ್ಲಿ 165 ಸೆಂಟಿಮೀಟರ್, 68 ಕಿಲೋ, ಉತ್ತರ 1.77 ಚದರ ಮೀಟರ್. ಆ ಕೊನೆಯ ಏಳರ ಮೇಲೆ ಎಂಥ ನಿಷ್ಠೆ! ಎತ್ತರವೆಂಬುದು ಮೊದಲ ದಿನ ಕೌಂಟರಿನಲ್ಲಿ ಕೂತವರು ತಲೆಯೆತ್ತದೆ 'ಐದೂವರೆ ಅಡಿಗೆ ಒಂದಿಂಚು ಕಡಿಮೆ ಇರಬಹುದು' ಎಂದು ಬರೆದುಕೊಂಡದ್ದು; ತೂಕವೆಂಬುದು ಮಾವ ಅನ್ನ ಸೇರದೆ ಗಂಜಿಗಿಳಿಯುವ ಮೊದಲಿನದು.

ಚದರ ಮೀಟರ್ ಎಂದೊಡನೆ ಮಾವನಿಗೆ ಸರ್ವೆ ನೆನಪಾಯಿತು. ಗುಂಟೆಗೆ ಸುಮಾರು 101 ಚದರ ಮೀಟರ್ ಎಂದು ಲೆಕ್ಕ ಹಾಕಿ, ತನ್ನಂಥವರು ಐವತ್ತೇಳು ಮಂದಿ ಒಟ್ಟಾದರೆ ಒಂದು ಗುಂಟೆಯಾಗುವುದರಿಂದ ಬಗರ್‌ಹುಕುಂ ಅರ್ಜಿ ಹಾಕಬಹುದೇ, ಪಹಣಿ ಯಾರ ಹೆಸರಿಗೆ ಬರುತ್ತದೆ ಎಂದು ಕೇಳಿದರು. ಸರ್ವೇಯರನಾದರೂ ಸರಪಳಿ ಹಿಡಿದು ಬರುತ್ತಿದ್ದನಲ್ಲ!

1916ರಲ್ಲಿ ಅಮೆರಿಕದ ಡು ಬೋಯಿಸ್ ಎಂಬ ಹೆಸರಿನ ಇಬ್ಬರು ಸಂಶೋಧಕರು ಮೈಯ ವಿಸ್ತೀರ್ಣಕ್ಕೆ ಮೋಸ್ಟೆಲ್ಲರ್‌ಗಿಂತ ಹಿಂದಿನ ಸೂತ್ರವೊಂದನ್ನು ಕಟ್ಟಿದ್ದು ಬೆರಳೆಣಿಕೆಯ ಜನರನ್ನು ಅಳೆದು. ನಮ್ಮೂರ ಸತ್ಯನಾರಾಯಣ ಪೂಜೆಯ ಪ್ರಸಾದಕ್ಕೂ ಅದಕ್ಕಿಂತ ಹೆಚ್ಚು ಮಂದಿ ಸೇರುತ್ತಾರೆಂದು ನಗಬಹುದು. ಆದರೆ ಅವರು ಆ ಕೆಲವರ ಮೈಗೆ ಕಾಗದ ಅಂಟಿಸಿ, ಅಚ್ಚು ತೆಗೆದು, ಕತ್ತರಿಸಿ ಹರಡಿ ಅಳೆದರು. ಪಾಪ, ಅಂದಾಜಿನಲ್ಲಿ ಕೆಲಸ ಮುಗಿಸುವ ವಿದ್ಯೆ ಅವರಿಗೆ ಸಿದ್ಧಿಸಿರಲಿಲ್ಲ.

"ಮೊನ್ನೆ ಮಂಡಿಯಲ್ಲಿ ತೂಗಿಸಿಕೊಂಡೆ ತಾಯಿ, ಐವತ್ತಾರು ಕಿಲೋ ಬಂತು" ಎಂದರು ಮಾವ.

"ಫೈಲಲ್ಲಿ ಅರವತ್ತೆಂಟಿದೆ ಯಜಮಾನ್ರೇ, ಅದನ್ನೇ ಹಾಕ್ಬೇಕು" ಎಂದರು ನರ್ಸ್.

ಐವತ್ತಾರಾದರೆ ವಿಸ್ತೀರ್ಣ 1.60. ಅಂದರೆ ಹತ್ತರಲ್ಲಿ ಒಂದು ಪಾಲು ಹೆಚ್ಚು ಔಷಧ, ಅದೂ ಬಿಳಿ ರಕ್ತಕಣಗಳನ್ನು ಕುಗ್ಗಿಸುವಂಥದ್ದು, ಈಗಾಗಲೇ ಸೊರಗಿದ ಮೈಗೆ. ಇಲ್ಲಿ ನನಗೆ ನಗು ಬರಲಿಲ್ಲ. ಒಂದು ತೂಕದ ಯಂತ್ರಕ್ಕೆ ಮಾವನ ಒಂದು ದಿನದ ಔಷಧದ ಬಿಲ್ಲಿನಷ್ಟೂ ಖರ್ಚಾಗದು. ಅದನ್ನು ತರಿಸಬೇಕಾದವರು ನಿತ್ಯ ಆ ಚೀಟಿಯ ಮುಂದೆಯೇ ಹಾದುಹೋಗುತ್ತಾರೆ. ಮನುಷ್ಯನನ್ನು ತೂಗಿ ನೋಡಲೂ ಆಗದಷ್ಟು ಅವಸರ ಯಾವುದೆಂದು ನನಗೆ ತಿಳಿಯುವುದಿಲ್ಲ, ಕೇಳಿ ಕೇಳಿ ಸಾಕಾಗಿದೆ.

ಕೊನೆಗೆ ಎದುರಿನ ಮೆಡಿಕಲ್ ಶಾಪಿನ ಯಂತ್ರದ ಮೇಲೆ ನಿಲ್ಲಿಸಿ ತೂಕ ಬರೆಸಿಕೊಂಡು ಬಂದೆವು. ಚೀಟಿಗೆ ಸೀಲ್ ಇಲ್ಲವೆಂದರು. ಮಾವ ಜೇಬು ತಡಕಿ ಮಂಡಿಯ ಚೀಟಿಯೊಂದನ್ನು ತೆಗೆದುಕೊಟ್ಟರು. ಅದರಲ್ಲಿ ಸೀಲೂ ಇತ್ತು, ಸಹಿಯೂ ಇತ್ತು. ತೂಕ ಮಾತ್ರ ಅಡಿಕೆಯದು.